ಮನೆ ಬಿದ್ದ ಮೇಲೆ ಬರುವ ಸಾಹೇಬರು ಬೀಳುವ ಮುಂಚೆ ಬರಬಾರದೇ?

ರೋಹಿಣಿ ಮಳೆ ಹತ್ತಿರ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದು ಮಾಲಿಗೆ ಎಲ್ಲಿಲ್ಲದ ಗಿರಾಕಿ. ಸಿಮೆಂಟಿಗಲ್ಲ, ಬಣ್ಣಕ್ಕಲ್ಲ, ಪ್ಲಾಸ್ಟಿಕ್ ಶೀಟಿಗೆ! "ಹೋದ ವರ್ಷದ್ದು ಹರಿದು ಚಿಂದಿಯಾಯ್ತು, ಇನ್ನೊಂದು ಕೊಡಿ, ದುಡ್ಡು ಮುಂದಿನ ವಾರ" ಅನ್ನುವ ಕೂಲಿಕಾರರ ಹೆಸರು ಸಾಲದ ಪುಸ್ತಕದಲ್ಲಿ ವರ್ಷವರ್ಷವೂ ಬರುತ್ತದೆ. ಅಂಗಡಿಯವರಿಗೂ ಗೊತ್ತು, ಈ ಶೀಟು ಮುಂದಿನ ಮಳೆಗಾಲದವರೆಗೆ ಬಾಳುವುದಿಲ್ಲ. ಕೊಳ್ಳುವವರಿಗೂ ಗೊತ್ತು. ಆದರೂ ಕೊಳ್ಳದೆ ವಿಧಿಯಿಲ್ಲ.

ಮಳೆಗಾಲದಲ್ಲಿ ಶಿವಮೊಗ್ಗದಿಂದ ಘಟ್ಟದ ಕಡೆ ಬಸ್ಸಿನಲ್ಲಿ ಓಡಾಡುವವರು ಕಿಟಕಿಯಾಚೆ ನೋಡಿದರೆ ಸಾಕು. ಹಳೇ ಹಂಚಿನ ಮೇಲೊಂದು ನೀಲಿ ಹೊದಿಕೆ, ಅದು ಗಾಳಿಗೆ ಹಾರದ ಹಾಗೆ ನಾಲ್ಕು ಕಲ್ಲು, ಒಂದು ಸವೆದ ಟೈರು. ಒಳಗೆ ಒಲೆಯ ಪಕ್ಕ ಒಂದು ಪಾತ್ರೆ, ಮಂಚದ ಕೆಳಗೆ ಒಂದು ಬಕೆಟ್ಟು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇರುವ ಜಿಲ್ಲೆ ಇದು. ಇಲ್ಲಿ ಮಾಡು ಸೋರುವುದು ಸಣ್ಣ ತೊಂದರೆ ಅಲ್ಲ. ಸೋರಿದ ಮಾಡೇ ನಾಳೆ ಗೋಡೆ ಉರುಳಿಸುತ್ತದೆ.

ಇದು ಹೇಗೆ ಅಂತ ಯಾವ ಗಾರೆ ಕೆಲಸದವರನ್ನು ಕೇಳಿದರೂ ಹೇಳುತ್ತಾರೆ. ಒಂದು ಹಂಚು ಒಡೆಯುತ್ತದೆ, ಅಲ್ಲಿ ಇಳಿದ ನೀರಿಗೆ ರೀಪು ಕೊಳೆಯುತ್ತದೆ, ಆಮೇಲೆ ಪಕಾಸಿ. ಪಕಾಸಿ ಕುಸಿದರೆ ಅಕ್ಕಪಕ್ಕದ ಹತ್ತು ಹಂಚು ಜಾರುತ್ತವೆ. ಇನ್ನೊಂದು ಕಡೆ, ಸೂರು ಗಿಡ್ಡವಾಗಿದ್ದರೆ ಎರಚಲು ಗೋಡೆಗೆ ಹೊಡೆಯುತ್ತದೆ. ಅಂಗಳಕ್ಕೆ ಬಿದ್ದ ನೀರು ಚಿಮ್ಮಿ ಮಣ್ಣಿನ ಗೋಡೆಯ ಬುಡ ನೆನೆಯುತ್ತದೆ. ಮೇಲೆ ಭಾರ ಹಾಗೇ ಇದೆ, ಕೆಳಗೆ ಬುಡ ಕರಗುತ್ತಿದೆ. ಪುನರ್ವಸು, ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಗೋಡೆ ಒಂದು ರಾತ್ರಿ ಮಲಗಿದವರ ಮೇಲೆ ಕೂರುತ್ತದೆ. ಮಾರನೇ ದಿನ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ.

ಸರ್ಕಾರ ಬರುವುದು ಆಗ! ಗ್ರಾಮ ಆಡಳಿತ ಅಧಿಕಾರಿ ಬರುತ್ತಾರೆ, ಎಂಜಿನಿಯರ್ ಬರುತ್ತಾರೆ, ತಹಸೀಲ್ದಾರರ ಜೀಪು ಬರುತ್ತದೆ, ಹಿಂದೆಯೇ ಜನಪ್ರತಿನಿಧಿಗಳು. ಫೋಟೋ ಆಗುತ್ತದೆ, ಮಹಜರು ಆಗುತ್ತದೆ. ಆಮೇಲೆ ಲೆಕ್ಕ ಶುರು. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ವಿಪತ್ತು ಪರಿಹಾರದ ದರಪಟ್ಟಿ ನೋಡಿ. ಪೂರ್ತಿ ಬಿದ್ದ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000. ಭಾಗಶಃ ಬಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಗುಡಿಸಲಿಗೆ 8,000. ಭಾಗಶಃ ಬಿದ್ದ ಮನೆಯಾದರೆ ಅದೂ ಕನಿಷ್ಠ ಶೇ. 15ರಷ್ಟಾದರೂ ಹಾಳಾಗಿರಬೇಕು. ಅದಕ್ಕಿಂತ ಕಡಿಮೆಯಾದರೆ ಏನೂ ಆಗಿಲ್ಲವೆಂದೇ ಲೆಕ್ಕ. ಮೇಲಾಗಿ ಮನೆ ಅಧಿಕೃತ ಅಂತ ದಾಖಲೆ ಬೇಕು. ಹಕ್ಕುಪತ್ರಕ್ಕೆ 94ಸಿ ಅರ್ಜಿ ಹಾಕಿ ಕಚೇರಿ ಸುತ್ತುತ್ತಿರುವವರ ಗೋಡೆ ಮಾತ್ರ ಮಳೆಗೆ ಬೀಳುವುದಿಲ್ಲವೋ ಏನೋ!

ರಾಜ್ಯ ಸರ್ಕಾರ ಕೈ ಬಿಚ್ಚಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 2019ರ ಆಗಸ್ಟ್ ನೆರೆಯಲ್ಲಿ ಪೂರ್ತಿ ಮನೆ ಕಳೆದುಕೊಂಡವರಿಗೆ 5 ಲಕ್ಷ ರೂಪಾಯಿವರೆಗೆ ಘೋಷಿಸಿತು. ಒಳ್ಳೆಯದೇ. ಬಿದ್ದವರಿಗೆ ಕೊಡಲೇಬೇಕು. ಪ್ರಶ್ನೆ ಅದಲ್ಲ. ಬಿದ್ದ ಮನೆಗೆ ಲಕ್ಷಗಟ್ಟಲೆ ಕೊಡುವ ಖಜಾನೆಯಿಂದ ಬೀಳಲಿರುವ ಮನೆಗೆ ನಾಲ್ಕು ಪಕಾಸಿ, ಐವತ್ತು ಹಂಚು ಯಾಕೆ ಹೊರಡುವುದಿಲ್ಲ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಆ ಗಾದೆಯನ್ನೇ ಇಲಾಖೆಯವರು ಸುತ್ತೋಲೆ ಮಾಡಿಕೊಂಡ ಹಾಗಿದೆ.

ಹಿಂದೆ ಒಂದು ದಾರಿ ಇತ್ತು. 1985ರಲ್ಲಿ ಶುರುವಾದ ಇಂದಿರಾ ಆವಾಸ್ ಯೋಜನೆಯಲ್ಲಿ ಮುಂದೆ ಕಚ್ಚಾ ಮನೆ ಸುಧಾರಣೆಗೂ ಅವಕಾಶ ಕೊಟ್ಟರು. ಹಣದ ಶೇ. 20ರವರೆಗೆ ಅದಕ್ಕೆ ಬಳಸಬಹುದಿತ್ತು. 2008ರಲ್ಲಿ ಒಂದು ಮನೆಗೆ 15,000 ರೂಪಾಯಿ ಅಂತ ಗೊತ್ತು ಮಾಡಿದ್ದರು. 2016ರಲ್ಲಿ ಆ ಯೋಜನೆಯ ಜಾಗಕ್ಕೆ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂತು. ಹಳ್ಳಿಗಳಲ್ಲಿ ಅದು ಹೊಸ ಮನೆ ಕಟ್ಟಿಸುವ ಯೋಜನೆ. ರಿಪೇರಿಯ ಮಾತು ಅಲ್ಲಿಗೆ ಮುಗಿಯಿತು. ಹೊಸ ಮನೆ ಬಂದರೆ ಬೇಡ ಅನ್ನುವವರು ಯಾರು? ಆದರೆ ಪಟ್ಟಿಯಲ್ಲಿ ಹೆಸರು ಬರುವುದಕ್ಕೆ ವರ್ಷಗಳು ಬೇಕು. ಆ ವರ್ಷಗಳಲ್ಲಿ ಎಷ್ಟು ಮಳೆಗಾಲ? ಅಷ್ಟನ್ನೂ ಆ ಸಂಸಾರ ಪ್ಲಾಸ್ಟಿಕ್ಕಿನ ಕೆಳಗೇ ಕಳೆಯಬೇಕು.

ಲೆಕ್ಕ ಬರುವ ಅಂಗಡಿಯವರು ಒಂದು ಸಣ್ಣ ಗುಣಾಕಾರ ಮಾಡಿ ನೋಡಲಿ. ಬಿದ್ದ ಒಂದು ಮನೆಗೆ ಕೊಡುವ 1,20,000 ರೂಪಾಯಿಯಲ್ಲಿ 15,000ದಂತೆ ಎಂಟು ಮನೆ ರಿಪೇರಿ ಆಗುತ್ತವೆ. 15,000 ಹಳೇ ಕಾಲದ ಮಾತು, ಈಗ ದುಪ್ಪಟ್ಟು ಅಂತಲೇ ಇಟ್ಟುಕೊಂಡರೂ ನಾಲ್ಕು. ಜೀವದ ಲೆಕ್ಕ ಇದರಲ್ಲಿ ಸೇರಿಲ್ಲ. ಅದೇ ದರಪಟ್ಟಿಯಲ್ಲಿ ಸತ್ತವರ ವಾರಸುದಾರರಿಗೆ 4 ಲಕ್ಷ ರೂಪಾಯಿ ಅಂತ ಬರೆದಿದೆ. ಅದನ್ನು ಇಸಿದುಕೊಳ್ಳುವ ಕೈ ಯಾವುದೂ ಬೇಡವಾಗಿತ್ತು.

ಮುಂಚೆಯೇ ಕೊಡುವುದು ಆಗದ ಹೋಗದ ಮಾತಲ್ಲ. ಅಮೆರಿಕದಲ್ಲಿ 1973ರ ಎಣ್ಣೆ ಬಿಕ್ಕಟ್ಟಿನ ನಂತರ, 1976ರಲ್ಲಿ ಒಂದು ಕಾನೂನು ಮಾಡಿದರು. ಅಲ್ಲಿನ ಶತ್ರು ಚಳಿ. ಕಿಟಕಿ ಬಾಗಿಲ ಸಂದಿಯಿಂದ ಬಿಸಿ ಸೋರಿಹೋಗಿ ಬಡವರ ಸಂಪಾದನೆಯೆಲ್ಲ ಮನೆ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತಿತ್ತು. ವೆದರೈಸೇಷನ್ ಅಂತ ಹೆಸರಿಟ್ಟು ಸರ್ಕಾರದ ಖರ್ಚಿನಲ್ಲೇ ಸಂದಿ ಮುಚ್ಚಿಸುವುದು, ಅಟ್ಟಕ್ಕೆ ಶಾಖ ತಡೆಯುವ ಹೊದಿಕೆ ಹಾಕಿಸುವುದು ಶುರು ಮಾಡಿದರು. ಮೊದಲು ಒಬ್ಬ ಪರೀಕ್ಷಕ ಬಂದು ಬಾಗಿಲಿಗೆ ದೊಡ್ಡ ಫ್ಯಾನು ಕೂರಿಸಿ ಗಾಳಿ ಎಳೆದು ಎಲ್ಲೆಲ್ಲಿ ಸಂದಿ ಇದೆ ಅಂತ ಪತ್ತೆ ಮಾಡುತ್ತಾನೆ. ಕೆಲಸ ಮುಗಿದ ಮೇಲೆ ಮತ್ತೆ ತಪಾಸಣೆ. ಮುದುಕರು, ಅಂಗವಿಕಲರು, ಚಿಕ್ಕ ಮಕ್ಕಳಿರುವ ಮನೆಗೆ ಮೊದಲ ಸರದಿ. ಬಾಡಿಗೆದಾರರಿಗೂ ಉಂಟು, ಮಾಲೀಕ ಒಪ್ಪಬೇಕು ಅಷ್ಟೆ. ಈವರೆಗೆ 70 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಈ ಸಹಾಯ ಮುಟ್ಟಿದೆ.

ಅಮೆರಿಕದ ಮಾತು ನಮಗ್ಯಾಕೆ ಅನ್ನುವವರು ಪಕ್ಕದ ತೆಲಂಗಾಣ ನೋಡಲಿ. ಅಲ್ಲಿನ ಶತ್ರು ಬಿಸಿಲು. ಮಾಡಿನ ಮೇಲೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಲೇಪ ಹಾಕಿ ಮನೆ ತಂಪಿಡುವುದಕ್ಕೆ 2023ರಲ್ಲಿ ಒಂದು ನೀತಿಯನ್ನೇ ತಂದರು. ಅಹಮದಾಬಾದಿನಲ್ಲಿ ಅದಕ್ಕೂ ಮುಂಚೆ, 2017ರಲ್ಲೇ, ಕೊಳೆಗೇರಿಯ ಮಾಡುಗಳಿಗೆ ಇಂಥ ಸುಣ್ಣ ಬಳಿದರು. ಒಂದೊಂದು ಕಡೆ ಒಂದೊಂದು ಶತ್ರು. ಚಳಿಗೆ ಮುಂಚೆ, ಬಿಸಿಲಿಗೆ ಮುಂಚೆ ಆಗುವುದಾದರೆ ಮಲೆನಾಡಿನಲ್ಲಿ ಮಳೆಗೆ ಮುಂಚೆ ಯಾಕಾಗಬಾರದು?

ದುಡ್ಡೆಲ್ಲಿ ಅಂತ ಕೇಳುತ್ತಾರೆ. 2005ರ ವಿಪತ್ತು ನಿರ್ವಹಣಾ ಕಾಯಿದೆ ತೆರೆದು ನೋಡಲಿ. ಹಾನಿ ಆದ ಮೇಲಿನ ನಿಧಿ ಬೇರೆ, ಹಾನಿ ಆಗದ ಹಾಗೆ ನೋಡಿಕೊಳ್ಳುವ ಉಪಶಮನ ನಿಧಿ ಬೇರೆ ಅಂತ 48ನೇ ಕಲಮಿನಲ್ಲಿ ಸ್ಪಷ್ಟವಾಗಿದೆ. ಎರಡನ್ನೂ ರಾಜ್ಯಕ್ಕೊಂದು, ಜಿಲ್ಲೆಗೊಂದು ಸ್ಥಾಪಿಸಬೇಕು ಅಂತಲೂ ಇದೆ. ಜಿಲ್ಲಾ ಪ್ರಾಧಿಕಾರಕ್ಕೆ ಅಧ್ಯಕ್ಷರು ಖುದ್ದು ಜಿಲ್ಲಾಧಿಕಾರಿಗಳು. 15ನೇ ಹಣಕಾಸು ಆಯೋಗವೂ 2021ರಿಂದ 2026ರವರೆಗಿನ ತನ್ನ ವರದಿಯಲ್ಲಿ ರಾಜ್ಯದ ವಿಪತ್ತು ಹಣದಲ್ಲಿ ಶೇ. 20ರಷ್ಟನ್ನು ಉಪಶಮನಕ್ಕೆ ಎತ್ತಿಡಿ ಅಂದಿತು. ಕಾನೂನಿದೆ, ಖಾತೆಗೆ ಹೆಸರಿದೆ. ಇಲ್ಲದ್ದು ಬಡವರ ಮಾಡಿನ ಕಡೆ ಕತ್ತೆತ್ತಿ ನೋಡುವ ಮನಸ್ಸು.

"ರಿಪೇರಿ ಅಂದರೆ ನುಂಗುವವರಿಗೆ ಹಬ್ಬ" ಅನ್ನುವ ಮಾತೂ ಉಂಟು. ಸುಳ್ಳಲ್ಲ. ಹೊಸ ಮನೆಯಾದರೆ ಗೋಡೆ ಎದ್ದಿದ್ದು ಕಣ್ಣಿಗೆ ಕಾಣುತ್ತದೆ, ಹತ್ತು ಹಂಚು ಬದಲಾಯಿಸಿದ್ದು ಯಾರಿಗೆ ಕಾಣಬೇಕು? ಆದರೆ ಇದಕ್ಕೂ ಮದ್ದಿದೆ. ಯುಗಾದಿಯೊಳಗೆ ಪಂಚಾಯ್ತಿಯವರು ಮನೆಮನೆ ನೋಡಿ ಪಟ್ಟಿ ಮಾಡಲಿ, ಗ್ರಾಮಸಭೆಯಲ್ಲಿ ಎಲ್ಲರೆದುರು ಓದಲಿ. ಯಾವ ಮನೆಗೆ ಎಷ್ಟು ಹಂಚು, ಎಷ್ಟು ಪಕಾಸಿ, ತಗಡಾದರೆ ಎಷ್ಟು ಶೀಟು ಅಂತ ಗೋಡೆಯ ಮೇಲೆ ಬರೆಸಲಿ. ನಗದಿನ ಬದಲು ಚೀಟಿ ಕೊಟ್ಟು ಆಯಾ ಊರಿನ ಅಂಗಡಿಯಲ್ಲೇ ಸಾಮಾನು ಕೊಡಿಸಲಿ. ವ್ಯಾಪಾರ ಊರಿನಲ್ಲೇ ಉಳಿಯುತ್ತದೆ, ಗಾರೆಯವರಿಗೆ ಬೇಸಿಗೆಯಲ್ಲಿ ನಾಲ್ಕು ದಿನದ ಕೂಲಿಯೂ ಹುಟ್ಟುತ್ತದೆ. ಕೆಲಸ ಆಯಿತೋ ಇಲ್ಲವೋ ಹೇಳುವುದಕ್ಕೆ ಅಧಿಕಾರಿಯೇ ಬೇಕಿಲ್ಲ. ಮೊದಲ ಮಳೆಯೇ ತಪಾಸಣೆ ಮಾಡುತ್ತದೆ, ಅದಕ್ಕೆ ಲಂಚ ಕೊಡುವುದಕ್ಕೆ ಆಗುವುದಿಲ್ಲ!

ಆಗಬೇಕಾದ ಕೆಲಸವೂ ದೊಡ್ಡದಲ್ಲ. ಒಡೆದ ಹಂಚು, ಕೊಳೆತ ಪಕಾಸಿ ಬದಲಾಯಿಸುವುದು. ಸೂರು ಒಂದೆರಡು ಅಡಿ ಮುಂದಕ್ಕೆ ಚಾಚುವುದು. ತಗಡಿನ ಮಾಡು ಗಾಳಿಗೆ ಏಳದ ಹಾಗೆ ಮೊಳೆ ಬಿಟ್ಟು ಬೋಲ್ಟು ಬಿಗಿಸುವುದು. ಗೋಡೆಯ ಬುಡಕ್ಕೆ ಕಲ್ಲು ಅಥವಾ ಜಂಬಿಟ್ಟಿಗೆಯ ಕಟ್ಟೆ ಕೊಡುವುದು. ಮಣ್ಣಿನ ಗೋಡೆಗೆ ಬರೀ ಸಿಮೆಂಟು ಬಳಿದರೆ ಹಿಡಿಯುವುದಿಲ್ಲ, ಸಿಪ್ಪೆ ಎದ್ದುಹೋಗುತ್ತದೆ. ಮನೆ ಹಿಂದಿನ ಧರೆಯ ನೀರು ಗೋಡೆಗೆ ತಾಗದಂತೆ ಒಂದು ಚರಂಡಿ ಹೊಡೆಯುವುದು. ಇಷ್ಟು ಮಾಡಿದರೆ ಎಷ್ಟೋ ಮನೆಗಳು ಇನ್ನೂ ಹತ್ತಾರು ಮಳೆಗಾಲ ನಿಲ್ಲುತ್ತವೆ. ಅನುಕೂಲವಂತರು ಪ್ರತಿ ಬೇಸಿಗೆಯಲ್ಲೂ ಹಂಚು ಕೈಯಾಡಿಸುತ್ತಾರೆ. ಬಡವರಿಗೆ ತಿಳಿಯದೆ ಅಲ್ಲ, ಕೈಯಲ್ಲಿ ಕಾಸಿಲ್ಲದೆ ಬಿಡುತ್ತಾರೆ.

ಜಿಲ್ಲಾಧಿಕಾರಿಗಳು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮುಂಜಾಗ್ರತಾ ಸಭೆ ಕರೆಯುತ್ತಾರೆ. ದೋಣಿ, ಜೆಸಿಬಿ, ಗಂಜಿಕೇಂದ್ರದ ಲೆಕ್ಕ ಕೇಳುತ್ತಾರೆ. ಮುಂದಿನ ಸಭೆಯಲ್ಲಿ ತಹಸೀಲ್ದಾರರಿಗೆ ಇನ್ನೊಂದೇ ಒಂದು ಪ್ರಶ್ನೆ ಹಾಕಲಿ: "ನಿಮ್ಮ ತಾಲ್ಲೂಕಿನಲ್ಲಿ ಈ ಮಳೆಗೆ ಬೀಳುವ ಮನೆ ಎಷ್ಟು? ಅದರಲ್ಲಿ ಎಷ್ಟಕ್ಕೆ ಹಂಚು ಹೊದಿಸಿದ್ದೀರಿ?" ಉತ್ತರ ಸಿಗದಿದ್ದರೆ ಸಭೆಯನ್ನು ಕಚೇರಿಯಲ್ಲಿ ಮಾಡುವುದು ಬೇಡ. ಆರಿದ್ರಾ ಮಳೆ ಹೊಡೆಯುವಾಗ ಅಂಥದ್ದೊಂದು ಮನೆಯ ಜಗಲಿಯಲ್ಲಿ ಮಾಡಲಿ. ಫೈಲುಗಳ ಮೇಲೂ ನಾಲ್ಕು ಹನಿ ಬೀಳಲಿ.