ಸುಟ್ಟ ಕಾಗದದ ರಾಶಿಯಿದ್ದಲ್ಲಿ ಒಂದು ತೋಟ

ಲಂಡನ್ ಎಂದ ಕೂಡಲೇ ಮಕ್ಕಳೆಲ್ಲ ದೊಡ್ಡ ಗಡಿಯಾರದ ಗೋಪುರ, ಅರಮನೆ, ಸೇತುವೆ ಎನ್ನುತ್ತೀರಿ. ಈ ವಾರ ಅದೇ ಊರಿನ ಒಂದು ಎಕರೆಯೂ ಇಲ್ಲದ ಪುಟ್ಟ ತೋಟಕ್ಕೆ ಹೋಗೋಣ. ಅದರ ಹೆಸರು ರೆಡ್‌ಕ್ರಾಸ್ ಗಾರ್ಡನ್. ಇರುವುದು ಥೇಮ್ಸ್ ನದಿಯ ದಕ್ಷಿಣಕ್ಕೆ, ಸೌತ್‌ವಾರ್ಕ್‌ನಲ್ಲಿ. (ಬರೆಯುವುದು ಹಾಗೆ; ಅಲ್ಲಿಯವರ ಬಾಯಲ್ಲಿ ಅದು ‘ಸದಕ್’!)

ನೂರನಲವತ್ತು ವರ್ಷಗಳ ಹಿಂದೆ ಅದು ಬಡವರ ಕೇರಿ. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಮಧ್ಯೆ ಒಂದು ಪಾಳು ಜಾಗ. ಅಲ್ಲಿದ್ದ ಕಾಗದದ ಕಾರ್ಖಾನೆ ಸುಟ್ಟುಹೋಗಿ, ಅರೆಬೆಂದ ಕಾಗದ ನಾಲ್ಕೈದು ಅಡಿ ಎತ್ತರಕ್ಕೆ ಬಿದ್ದಿತ್ತು. ಐದು ವರ್ಷ ಮಳೆಯಲ್ಲಿ ನೆನೆದು ನಾರುತ್ತಿತ್ತು. ಅದರ ಮೇಲೆ ಊರವರ ಕಸ ಬೇರೆ.

ಈ ಜಾಗದ ಮೇಲೆ ಕಣ್ಣಿಟ್ಟವರು ಆಕ್ಟೇವಿಯಾ ಹಿಲ್. ಬಾಲ್ಯದಲ್ಲಿ ತಂದೆಯ ವ್ಯಾಪಾರ ಮುಳುಗಿದಾಗ ಈಕೆಯ ಸಂಸಾರಕ್ಕೆ ಆಸರೆಯಾದವರು ತಾಯಿಯ ತಂದೆ, ಡಾಕ್ಟರ್ ಸೌತ್‌ವುಡ್ ಸ್ಮಿತ್. ಕೊಳಕು, ಇಕ್ಕಟ್ಟು ಮನೆಗಳೇ ಜ್ವರದ ತವರು ಎಂದು ಸರಕಾರದ ಮುಂದೆ ವಾದಿಸಿದ ವೈದ್ಯರು ಅವರು. ತಾತನ ಮಾತು ಮೊಮ್ಮಗಳಿಗೆ ಚೆನ್ನಾಗಿಯೇ ನಾಟಿತ್ತು. ಬಡವರಿಗೆ ಬಯಲಿನಲ್ಲೊಂದು ಪಡಸಾಲೆ ಬೇಕು ಎನ್ನುವುದು ಆಕೆಯ ಹಟ. ಮನೆಯಲ್ಲಿ ಕೂರಲು ಜಾಗವಿಲ್ಲದವರು ಮತ್ತೆಲ್ಲಿ ಕೂರಬೇಕು ಹೇಳಿ?

ಚರ್ಚಿನ ಆಸ್ತಿ ನೋಡಿಕೊಳ್ಳುತ್ತಿದ್ದ ಮಂಡಳಿ ಜಾಗ ಕೊಟ್ಟಿತು. ಹಣವನ್ನು ದಾನಿಗಳು ಕೊಟ್ಟರು. ಕಾಗದವನ್ನು ಸ್ವಲ್ಪ ಸ್ವಲ್ಪವಾಗಿ ಸುಡುವುದಕ್ಕೇ ಸುಮಾರು ಆರು ವಾರ ಹಿಡಿಯಿತು! 1887ರಲ್ಲಿ ತೋಟ ತೆರೆಯಿತು. ಕೊಳ, ಕಾರಂಜಿ, ವಾದ್ಯದವರಿಗೊಂದು ಕಟ್ಟೆ, ಮಳೆ ಬಂದರೂ ಮಕ್ಕಳು ಆಡಲು ಸೂರಿನ ಜಾಗ. ನಕ್ಷೆ ಹಾಕಿದ್ದು ಫ್ಯಾನಿ ವಿಲ್ಕಿನ್‌ಸನ್. ಬ್ರಿಟನ್ನಿನಲ್ಲಿ ತೋಟ ವಿನ್ಯಾಸವನ್ನೇ ವೃತ್ತಿ ಮಾಡಿಕೊಂಡ ಮೊದಲ ಮಹಿಳೆ ಈಕೆ. ಪಕ್ಕದಲ್ಲೇ ಚಂದದ ಸಣ್ಣ ಮನೆಗಳ ಸಾಲು, ಊರವರು ಸೇರಲು ಒಂದು ಸಭಾಂಗಣ.

ಆಕ್ಟೇವಿಯಾರಿಗೆ ಇನ್ನೊಂದು ಅಭ್ಯಾಸವಿತ್ತು. ತಮ್ಮೊಡನೆ ದುಡಿದವರಿಗೂ ಹಣ ಕೊಟ್ಟವರಿಗೂ ವರ್ಷಕ್ಕೊಂದು ಪತ್ರ ಬರೆದು, ಏನು ಬಂತು, ಏನು ಖರ್ಚಾಯಿತು, ಏನು ಕೆಲಸ ನಡೆಯಿತು ಎಂದು ಒಪ್ಪಿಸುತ್ತಿದ್ದರು. ಚಂದಾ ಎತ್ತುವ ನಮ್ಮ ಸಂಘಗಳವರು ಇದನ್ನು ತುಸು ಗಮನಿಸಿದರೆ ನನಗೆ ಸಂತೋಷ. ಆ ಸುಟ್ಟ ಕಾಗದದ ಸಂಗತಿ ನಮಗೆ ತಿಳಿದಿರುವುದೂ ಇಂಥ ಪತ್ರದಿಂದಲೇ.

ಎರಡನೇ ಮಹಾಯುದ್ಧ ಮುಗಿಯಿತು. ಆಮೇಲೆ ತೋಟದ ಚಂದ ಒಂದೊಂದಾಗಿ ಅಳಿಯಿತು. ಕೊಳ ಮುಚ್ಚಿದರು, ಹುಲ್ಲು ಹಾಸಿದರು, ದಾರಿಗೆ ಡಾಂಬರು ಬಳಿದರು. ನೋಡಿಕೊಳ್ಳಲು ಸುಲಭ ನೋಡಿ! ಮರದ ಬುಡಕ್ಕೂ ಸಿಮೆಂಟು ಮೆತ್ತುವ ನಮ್ಮವರಿಗೆ ಈ ಬುದ್ಧಿ ಹೊಸದೇನಲ್ಲ. ಜಾಗವೇನೋ ಉಳಿಯಿತು, ಆದರೆ ಅಲ್ಲಿ ಏನಿತ್ತು ಎಂಬುದು ಕಣ್ಣಿಗೆ ಕಾಣದಂತಾಯಿತು.

ಅದನ್ನು ಮತ್ತೆ ಎಬ್ಬಿಸಲು ಮುಂದಾದದ್ದು ಬ್ಯಾಂಕ್‌ಸೈಡ್ ಓಪನ್ ಸ್ಪೇಸಸ್ ಟ್ರಸ್ಟ್ ಎಂಬ ಸ್ಥಳೀಯ ಸಂಸ್ಥೆ. ಹಣದ ದೊಡ್ಡ ಪಾಲು ಬಂದದ್ದು ಹೆರಿಟೇಜ್ ಲಾಟರಿ ನಿಧಿಯಿಂದ. ಆ ದೇಶದಲ್ಲಿ ಜನ ಕೊಳ್ಳುವ ಲಾಟರಿ ಟಿಕೆಟ್ಟಿನ ಹಣದಲ್ಲಿ ಒಂದು ಭಾಗ ಹಳೆಯ ಕಟ್ಟಡ, ತೋಟಗಳಿಗೆ ಮೀಸಲು. ಕೊಳ ಮರಳಿ ಬಂತು, ಹೂವಿನ ಪಾತಿಗಳು ಹಿಂದಿನಂತೆ ಬಳುಕಿದವು. 2006ರಲ್ಲಿ ರಾಜಕುಮಾರಿ ಆನ್ ತೋಟವನ್ನು ಮತ್ತೆ ತೆರೆದರು.

ಪಕ್ಕದ ಸಭಾಂಗಣದ್ದೂ ಒಂದು ಮಾತು ಹೇಳಬೇಕು. ಅದರ ಗೋಡೆಗೆ ರಾಜರ ಚಿತ್ರ ಬೇಡ, ಸಾಮಾನ್ಯರ ಸಾಹಸದ ಚಿತ್ರ ಬೇಕು ಎಂದು ವಾಲ್ಟರ್ ಕ್ರೇನ್ ಅವರಿಂದ ಬರೆಸಿದರು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಹೆಸರಾದವರು ಇವರು. ಅವುಗಳಲ್ಲೊಂದು ಆಲಿಸ್ ಏರ್ಸ್ ಎಂಬ ಯುವತಿಯದು. 1885ರಲ್ಲಿ ಅಲ್ಲೇ ಹತ್ತಿರದ ಯೂನಿಯನ್ ಬೀದಿಯಲ್ಲಿ ಅಕ್ಕನ ಮನೆಗೆ ಬೆಂಕಿ ಬಿತ್ತು. ಆಲಿಸ್ ಕಿಟಕಿಯಿಂದ ಹಾಸಿಗೆ ಎಸೆದು, ಅಕ್ಕನ ಮೂವರು ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಅದರ ಮೇಲೆ ಬೀಳಿಸಿದಳು. ಕೊನೆಗೆ ತಾನು ಹಾರುವ ಹೊತ್ತಿಗೆ ಹೊಗೆಯಿಂದ ಸೋತಿದ್ದಳು. ಎರಡು ದಿನದ ಮೇಲೆ ತೀರಿಕೊಂಡಳು. ತೋಟದ ಬಳಿಯ ಒಂದು ಬೀದಿಗೆ 1936ರಿಂದ ಅವಳದೇ ಹೆಸರು: ಏರ್ಸ್ ಸ್ಟ್ರೀಟ್.