ಬೀಜಕ್ಕೆಂದು ಕಾಯ್ದಿಟ್ಟ ತೆನೆ

ರಾಶಿಯ ಕಾಲದಲ್ಲಿ ತುಂಬುಗಾಳಿನ ತೆನೆಗಳನ್ನು ಆರಿಸಿ, ಮುಂದಿನ ಬಿತ್ತಿಗೆಗಾಗಿ ಬೇರೆಯಾಗಿ ಕಾಯ್ದಿಡುವುದು ನಮ್ಮ ಸೀಮೆಯ ಒಕ್ಕಲುಮನೆಗಳಲ್ಲಿ ಗೃಹಿಣಿಯರ ಅಧಿಕಾರವಾಗಿ ನಡೆದುಬಂದಿರುವುದು. ಬಿಳಿಜೋಳದ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವುದರಿಂದ, ಮಾಲದಂಡಿಯನ್ನು ಬಿತ್ತಿದರೆ ಮಾಲದಂಡಿಯೇ ಬರುವುದು. ಆದರೆ ಗೋವಿನಜೋಳದ ಸಂಕರ ಬೀಜವನ್ನು ಕೊಂಡುತಂದು ಬೆಳೆದು, ಅದರ ಉತ್ತಮ ತೆನೆಗಳನ್ನೇ ಮರುವರ್ಷ ಬಿತ್ತಿದವರಿಗೆ ನಿರಾಶೆಯೇ ಫಲ. ಗಿಡಗಳಲ್ಲಿ ಒಂದು ಎತ್ತರ, ಇನ್ನೊಂದು ಗಿಡ್ಡ. ತೆನೆಗಳಲ್ಲಿ ಒಂದು ತುಂಬಿದುದು, ಇನ್ನೊಂದು ಅರೆಬರಿದು. ಚಿಟಗುಪ್ಪದ ಸುತ್ತಿನಲ್ಲಿ ಇದನ್ನು ಬೀಜದಂಗಡಿಯವರ ಕಪಟವೆಂದು ಹೇಳುವವರುಂಟು. ಗಿಡದ ಸ್ವಭಾವವನ್ನು ತಿಳಿದರೆ ಈ ಸಂಶಯವು ತಾನಾಗಿ ಹೋಗುವುದು.

ಗೋವಿನಜೋಳದಲ್ಲಿ ಗಂಡುಹೂವು ತುದಿಯ ಸೂಲಂಗಿಯಲ್ಲಿಯೂ, ಹೆಣ್ಣುಹೂವು ನಡುಗಿಡದ ತೆನೆಯಲ್ಲಿಯೂ ಇರುವುವು. ಮುಸುಕಿನಿಂದ ಹೊರಚಾಚಿದ ಒಂದೊಂದು ಕೂದಲೂ ಒಂದೊಂದು ಕಾಳಿನದು. ಗಾಳಿಯು ತಂದ ಪರಾಗವು ಕೂದಲಿಗೆ ತಗಲಿದರೆ ಕಾಳು ಕಟ್ಟುವುದು. ಆ ಪರಾಗವು ಪ್ರಾಯಶಃ ಬೇರೆ ಗಿಡದ್ದು. ತೆನೆಗೂ ಸೂಲಂಗಿಗೂ ಚೀಲ ಕಟ್ಟಿ, ಆ ಗಿಡದ ಪರಾಗವನ್ನು ಆ ಗಿಡಕ್ಕೇ ತಗಲಿಸಿ, ಹೀಗೆ ಆರೇಳು ಪೀಳಿಗೆ ನಡೆಸಿದರೆ ಸಂತಾನವು ಏಕರೂಪವಾಗುವುದು ನಿಜ. ಆದರೆ ಗಿಡವು ಕೃಶವಾಗಿ ಇಳುವರಿಯೂ ಕುಗ್ಗುವುದು. ಅಮೇರಿಕದ ಜಾರ್ಜ್ ಹ್ಯಾರಿಸನ್ ಶಲ್ ಎಂಬ ವಿದ್ವಾಂಸನು ಇಂಥ ಎರಡು ಕೃಶ ತಳಿಗಳನ್ನು ಕೂಡಿಸಿ ನೋಡಿ, ಅವುಗಳ ಸಂತತಿಯು ತಾಯಿತಂದೆಗಳನ್ನು ಮೀರಿದ ಹುರುಪಿನಿಂದ ಬೆಳೆಯುವುದೆಂದು 1908ರಲ್ಲಿ ಪ್ರಕಟಿಸಿದನು. ಯಾವ ಎರಡನ್ನು ಕೂಡಿಸಿದರೂ ಹೀಗಾಗದು. ನೂರಾರು ಜೋಡಿಗಳನ್ನು ಪರೀಕ್ಷಿಸಿ ಕೆಲವನ್ನು ಮಾತ್ರ ಆರಿಸಬೇಕು. ಅದರ ಮೇಲೆ ಬಡಕಲು ತಾಯಿಗಿಡದಿಂದ ದೊರೆಯುವ ಬೀಜವು ಅತ್ಯಲ್ಪವಾಗಿ ಬೆಲೆ ಏರುತ್ತಿತ್ತು. ಡೊನಾಲ್ಡ್ ಜೋನ್ಸ್ ಎಂಬಾತನು 1918ರ ಸುಮಾರಿಗೆ ನಾಲ್ಕು ತಳಿಗಳನ್ನು ಎರಡೆರಡಾಗಿ ಕೂಡಿಸಿ, ಆ ಎರಡು ಸಂಕರಗಳನ್ನು ಪುನಃ ಕೂಡಿಸಿ ಈ ತೊಡಕನ್ನು ಬಿಡಿಸಿದನು. ತಾಯಿತಳಿಗಳು ಸುಧಾರಿಸಿರುವ ಈ ಕಾಲದಲ್ಲಿ ಎರಡೇ ತಳಿಗಳ ಸಂಕರವು ಮತ್ತೆ ಬಳಕೆಗೆ ಬಂದಿರುವುದು.

ನಮ್ಮ ಸಂಸ್ಕೃತ ಗ್ರಂಥಗಳಲ್ಲಿ ಸಂಕರವೆಂಬುದು ನಿಂದೆಯ ಮಾತು. ಗೀತೆಯ ಅರ್ಜುನನು ಹೆದರಿದ್ದೂ ಅದಕ್ಕೇ. ಬೀಜದ ಚೀಲದ ಮೇಲಾದರೋ ಅದೇ ಶಬ್ದವು ಪ್ರಶಂಸೆಯಾಗಿ ಅಚ್ಚಾಗಿರುವುದು! ಸಗೋತ್ರ ವಿವಾಹವನ್ನು ನಿಷೇಧಿಸಿದ ಹಿರಿಯರು ಮಾತ್ರ ಶಲ್ಲನ ಹೊಲವನ್ನು ಕಂಡು ತಲೆದೂಗುತ್ತಿದ್ದರೇನೋ.

ಈಗ ಕಾಯ್ದಿಟ್ಟ ತೆನೆಯ ವಿಷಯಕ್ಕೆ ಬರೋಣ. ಸಂಕರದ ಹೊಲದಲ್ಲಿ ಎಲ್ಲ ಗಿಡಗಳೂ ಒಡಹುಟ್ಟಿದವು. ಅವು ಪರಸ್ಪರ ಪರಾಗ ಹಂಚಿಕೊಂಡು ಕಟ್ಟಿದ ಕಾಳು, ನೋಡುವುದಕ್ಕೆ ಎಷ್ಟೇ ದುಂಡಾಗಿದ್ದರೂ, ಅಣ್ಣತಂಗಿಯರ ಸಂತಾನದಂತೆಯೇ ಸರಿ. ಎರಡು ತಳಿಗಳ ಸಂಕರದಲ್ಲಿ ಕೂಡಿಕೆಯಿಂದ ಬಂದ ಹೆಚ್ಚಿನ ಹುರುಪಿನ ಸುಮಾರು ಅರ್ಧವು ಮೊದಲನೆಯ ವರ್ಷವೇ ಕಳೆದುಹೋಗುವುದು. ಆದಕಾರಣ ಬೀಜ ಬೆಳೆಯುವ ಹೊಲಗಳಲ್ಲಿ ಪ್ರತಿವರ್ಷವೂ ತಾಯಿಸಾಲುಗಳ ಸೂಲಂಗಿಗಳನ್ನು ಪರಾಗ ಉದುರುವ ಮೊದಲೇ ಕೈಯಿಂದ ಕಿತ್ತು, ಪಕ್ಕದ ತಂದೆಸಾಲಿನ ಪರಾಗವೊಂದೇ ತಗಲುವಂತೆ ಮಾಡತಕ್ಕದ್ದು. ಒಂದು ದಿನ ತಡವಾದರೂ ಬೀಜ ಕೆಡುವುದು. ಬೆಲೆಯಲ್ಲಿ ಈ ದುಡಿಮೆಯ ಪಾಲೂ ಇರುವುದು.

ಭಾರತದಲ್ಲಿ ಈ ಬೆಳೆಗಾಗಿ ಅಖಿಲ ಭಾರತ ಯೋಜನೆಯು 1957ರಲ್ಲಿ ಆರಂಭವಾಗಿ, 1961ರಲ್ಲಿ ಗಂಗಾ, ರಣಜಿತ್, ಡೆಕ್ಕನ್ ಮೊದಲಾದ ಸಂಕರಗಳು ಹೊರಬಿದ್ದವು. ಇಂದು ದಾವಣಗೆರೆ, ಹಾವೇರಿಗಳ ಕಡೆ ಗೋವಿನಜೋಳವೇ ಹೊಲವನ್ನು ತುಂಬಿರುವುದು. ನಮ್ಮ ಬೀದರ ಜಿಲ್ಲೆಯಲ್ಲಿ ತೊಗರಿ, ಸೋಯಾಗಳ ನಡುವೆ ಅದಕ್ಕೆ ಸ್ಥಳವು ಸ್ವಲ್ಪವೇ. ಪ್ರತಿವರ್ಷ ಬೀಜಕ್ಕೆ ಹಣ ಹೊಂದಿಸಲಾರದ ಸಣ್ಣ ಒಕ್ಕಲಿಗನ ಕಷ್ಟವನ್ನು ಲಘುವಾಗಿ ಎಣಿಸತಕ್ಕುದಲ್ಲ. ಅಂಥವರಿಗಾಗಿಯೇ 1967ರಲ್ಲಿ ವಿಜಯ, ಕಿಸಾನ್, ಜವಾಹರ ಮುಂತಾದ ಸಂಯುಕ್ತ ತಳಿಗಳನ್ನು ಕೊಟ್ಟರು. ಅನೇಕ ತಳಿಗಳನ್ನು ಬೆರೆಸಿ ಮಾಡಿದ ಇವುಗಳ ಇಳುವರಿ ಸಂಕರಕ್ಕಿಂತ ಕಡಿಮೆ. ಆದರೆ ಹೊಲದ ನಡುವಿನ ಅನೇಕ ಗಿಡಗಳಿಂದ ತೆನೆ ಆರಿಸಿದರೆ ಕೆಲವು ವರ್ಷ ಮನೆಯ ಬೀಜವನ್ನೇ ಬಿತ್ತಬಹುದು. ಕೊಳ್ಳುವಾಗ ಚೀಲದ ಮೇಲೆ ಸಂಕರವೆಂದಿದೆಯೋ ಸಂಯುಕ್ತವೆಂದಿದೆಯೋ ಓದಿಸಿ ನೋಡಬೇಕು. ಸಂಕರದ ತೆನೆಯಾದರೆ ಅದನ್ನು ಸುಟ್ಟು ಮಕ್ಕಳಿಗೆ ಕೊಡಿರಿ, ಇಲ್ಲವೆ ಒಣಗಿಸಿ ಮಾರಿರಿ. ಬೀಜದ ಗಡಿಗೆಗೆ ಹಾಕಬೇಡಿರಿ.