ತೋಟೆ ತುಂಬಿಟ್ಟವರೇ ತಪ್ಪಿತಸ್ಥರು

2020ರ ಜನವರಿಯಲ್ಲಿ ಅಮೆರಿಕದ ಕೋವಿ ಅಂಗಡಿಗೆ ಹೋದವನಿಗೆ 9 ಎಂಎಂ ಪಿಸ್ತೂಲಿನ ತೋಟೆಯೊಂದು 20 ಸೆಂಟಿನ ಆಸುಪಾಸಿಗೆ ಸಿಗುತ್ತಿತ್ತು. 50ರ ಪೆಟ್ಟಿಗೆಗೆ 10 ಡಾಲರ್ ಕೊಟ್ಟರೆ ಮುಗಿಯಿತು. ವರ್ಷ ತುಂಬುವುದರೊಳಗೆ ಅದೇ ತೋಟೆ 70, 80 ಸೆಂಟಿಗೆ ಏರಿತು. ಕೆಲವು ಕಡೆ ಒಂದು ಡಾಲರನ್ನೂ ಮುಟ್ಟಿತು. ಅಷ್ಟು ಕೊಡಲು ಸಿದ್ಧನಿದ್ದವನಿಗೂ ಸಿಕ್ಕಿದ್ದು ಖಾಲಿ ಕಪಾಟು ಮತ್ತು ಗೋಡೆಗೆ ಅಂಟಿಸಿದ ಒಂದು ಚೀಟಿ: ಒಬ್ಬರಿಗೆ ಒಂದೇ ಪೆಟ್ಟಿಗೆ.

ಆಗ ದೂರುಗಳಿಗೆ ಬರವಿರಲಿಲ್ಲ. ಕಂಪನಿಗಳು ಗೋದಾಮಿನಲ್ಲಿ ಮುಚ್ಚಿಟ್ಟಿವೆ ಎಂದರು. ಸರ್ಕಾರ ಎಲ್ಲವನ್ನೂ ಕೊಂಡುಕೊಳ್ಳುತ್ತಿದೆ ಎಂದರು. ಅಂಗಡಿಯವನು ಸುಲಿಗೆಗೆ ಇಳಿದಿದ್ದಾನೆ ಎಂದರು. ಹೀಗೆ ದೂರಿದವರಲ್ಲಿ ಎಷ್ಟೋ ಮಂದಿಯ ನೆಲಮಾಳಿಗೆಯಲ್ಲಿ ಆಗಲೇ ಸಾವಿರಗಟ್ಟಲೆ ತೋಟೆ ಇದ್ದವು. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮೊದಲ ಅಪರಾಧಿ ಇವನೇ, ಮನೆಯಲ್ಲಿ ಬೇಕಾದಷ್ಟು ಇದ್ದೂ ಬೆಳಗಿನ ಜಾವಕ್ಕೆ ಅಂಗಡಿ ಬಾಗಿಲಲ್ಲಿ ಸಾಲು ನಿಂತವನು. ಉಳಿದವರ ಪಾಲು ಆಮೇಲಿನದು.

ಇದು ಒಂದು ಸಲದ ಜ್ವರವಾಗಿದ್ದರೆ ಸೋಂಕಿನ ಕಾಲದ ಗಾಬರಿ ಎಂದು ಕ್ಷಮಿಸಬಹುದಿತ್ತು. ಹನ್ನೆರಡು ವರ್ಷಗಳಲ್ಲಿ ಇದು ಮೂರನೆಯದು. 2008ರ ನವೆಂಬರಿನಲ್ಲಿ ಒಬಾಮಾ ಗೆದ್ದ ಕೂಡಲೇ ಮೊದಲನೆಯದು ಶುರುವಾಯಿತು. ಬಂದೂಕು ಕಿತ್ತುಕೊಳ್ಳಲು ಬರುತ್ತಾರೆ ಎಂದು ಜನ ಅಂಗಡಿಗೆ ಮುಗಿಬಿದ್ದರು. ಹೀಗೆ ಹೆದರಿಸಿದ ಅಧ್ಯಕ್ಷರು ಮರುವರ್ಷ ಮಾಡಿದ್ದೇನು? ರಾಷ್ಟ್ರೀಯ ಉದ್ಯಾನಗಳೊಳಗೆ ಬಂದೂಕು ಒಯ್ಯಲು ಅವಕಾಶ ಕೊಡುವ ಕಾನೂನಿಗೆ ಸಹಿ ಹಾಕಿದರು! 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಗುಂಡಿಗೆ ಬಲಿಯಾದರು. ದೇಶ ಆ ಮಕ್ಕಳಿಗಾಗಿ ಅಳುತ್ತಿದ್ದ ವಾರದಲ್ಲೇ ಅದರೊಳಗಿನ ಇನ್ನೊಂದು ದೇಶ ತೋಟೆಗಾಗಿ ಓಡುತ್ತಿತ್ತು. ಮುಂದಿನ ಏಪ್ರಿಲಿನಲ್ಲಿ, ಕೊಳ್ಳುವವರ ಹಿನ್ನೆಲೆ ಪರಿಶೀಲನೆಯನ್ನು ತುಸು ವಿಸ್ತರಿಸುವ ಸಾಧಾರಣ ಮಸೂದೆಯೂ ಸೆನೆಟ್ಟಿನಲ್ಲಿ ಬೇಕಾದಷ್ಟು ಮತ ಸಿಗದೆ ಬಿದ್ದುಹೋಯಿತು. ನ್ಯೂಯಾರ್ಕಿನಂಥ ಕೆಲವು ರಾಜ್ಯಗಳು ನಿಯಮ ಬಿಗಿ ಮಾಡಿದವು, ನಿಜ. ಆದರೆ ಜನ ಹೆದರಿದ್ದು ವಾಷಿಂಗ್ಟನ್ನಿಗೆ. ವಾಷಿಂಗ್ಟನ್ ಯಾರ ಮನೆಯಿಂದಲೂ ಒಂದು ತೋಟೆ ಕಿತ್ತುಕೊಳ್ಳಲಿಲ್ಲ.

ಆ ಎರಡನೆಯ ಓಟದ ವಿಚಿತ್ರವೆಂದರೆ ಮಾಯವಾದದ್ದು ಮಕ್ಕಳು ಗುರಿ ಕಲಿಯುವ, ಮೊಲ-ಅಳಿಲು ಹೊಡೆಯುವ .22 ತೋಟೆ. 500ರ ಕಟ್ಟಿಗೆ ಅಲ್ಲಿಯವರು ‘ಇಟ್ಟಿಗೆ’ ಎನ್ನುತ್ತಾರೆ. 20 ಡಾಲರಿನ ಆಸುಪಾಸಿದ್ದ ಇಟ್ಟಿಗೆ 50 ದಾಟಿತು. ವಾಲ್‌ಮಾರ್ಟ್ 2013ರ ಜನವರಿಯಲ್ಲಿ ದಿನಕ್ಕೆ ಒಬ್ಬರಿಗೆ ಮೂರೇ ಪೆಟ್ಟಿಗೆ ಎಂದಿತು. ಲಾರಿ ಯಾವ ಹೊತ್ತಿಗೆ ಬರುತ್ತದೆಂದು ತಿಳಿದುಕೊಂಡು, ನಸುಕಿನಲ್ಲೇ ನಿಂತು, ತಮ್ಮ ಮೂರು ಪೆಟ್ಟಿಗೆ ತೆಗೆದುಕೊಂಡು, ಸಂಜೆ ದುಪ್ಪಟ್ಟಿಗೆ ಮಾರುವವರ ಒಂದು ಪಂಗಡವೇ ಹುಟ್ಟಿಕೊಂಡಿತು. ವರ್ಷಗಳು ಕಳೆದರೂ .22 ಕಪಾಟಿಗೆ ಸರಿಯಾಗಿ ಮರಳಲಿಲ್ಲ. ಅಳಿಲು ಹೊಡೆಯುವ ತೋಟೆಯನ್ನು ನಿಷೇಧಿಸಲು ಹೊರಟ ಸರ್ಕಾರ ಜಗತ್ತಿನಲ್ಲಿ ಎಲ್ಲಾದರೂ ಉಂಟೇ ಎಂದು ಸಾಲಿನಲ್ಲಿ ನಿಂತ ಯಾರೊಬ್ಬರೂ ಕೇಳಿಕೊಂಡಂತೆ ಕಾಣಲಿಲ್ಲ.

ಗಾಳಿಮಾತಿಗೂ ಆಗ ಸುಗ್ಗಿ. ದೇಶದ ಒಳಾಡಳಿತ ಭದ್ರತಾ ಇಲಾಖೆ 160 ಕೋಟಿ ಗುಂಡು ಕೊಳ್ಳುತ್ತಿದೆ, ಜನರಿಗೆ ಸಿಗದಂತೆ ಮಾಡುವುದೇ ಅದರ ಹುನ್ನಾರ ಎಂಬ ಸುದ್ದಿ ಊರೂರು ಸುತ್ತಿತು. ಹಲವು ವರ್ಷಗಳ ಗುತ್ತಿಗೆಯಲ್ಲಿ ಗರಿಷ್ಠ ಎಷ್ಟು ಕೊಳ್ಳಬಹುದು ಎಂದು ಬರೆದ ಅಂಕಿಯನ್ನೇ ನಾಳೆ ಕೊಳ್ಳುತ್ತಾರೆ ಎಂದು ಓದಿಕೊಂಡದ್ದರ ಫಲ ಅದು. ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆ 2014ರ ಜನವರಿಯಲ್ಲಿ ಕೊಟ್ಟ ವರದಿಯ ಪ್ರಕಾರ ಆ ಇಲಾಖೆಯ ಖರೀದಿ ವರ್ಷಕ್ಕೆ ಸರಾಸರಿ 10.9 ಕೋಟಿ, ಗದ್ದಲದ 2013ರಲ್ಲಿ ಅದಕ್ಕೂ ಕಡಿಮೆ. ವರದಿ ಬರುವ ಹೊತ್ತಿಗೆ ನೆಲಮಾಳಿಗೆಗಳು ತುಂಬಿಯಾಗಿತ್ತು. ವರದಿ ಓದಿ ಒಬ್ಬನಾದರೂ ಪೆಟ್ಟಿಗೆ ವಾಪಸು ತಂದುಕೊಟ್ಟ ಸುದ್ದಿ ನಮಗೆ ಬಂದಿಲ್ಲ.

ಈ ಸರಕಿಗೂ ಬೇರೆ ಸರಕಿಗೂ ಇರುವ ವ್ಯತ್ಯಾಸ ಇಲ್ಲಿದೆ. 2016ರ ನವೆಂಬರಿನಲ್ಲಿ ನೋಟು ರದ್ದಾದ ಬೆನ್ನಿಗೇ ಉಪ್ಪು ಮುಗಿಯುತ್ತದಂತೆ ಎಂಬ ಗಾಳಿಮಾತು ಹಬ್ಬಿ ಉತ್ತರ ಭಾರತದ ಊರುಗಳಲ್ಲಿ ಜನ ಕಿರಾಣಿ ಅಂಗಡಿಗೆ ಮುಗಿಬಿದ್ದದ್ದು ನೆನಪಿರಬಹುದು. ಎರಡೇ ದಿನಕ್ಕೆ ಅದು ಇಳಿಯಿತು. ಉಪ್ಪನ್ನು ಎಷ್ಟೆಂದು ತಿಂದಾರು? ಈರುಳ್ಳಿಯನ್ನು ಅಟ್ಟದಲ್ಲಿ ತುಂಬಿಟ್ಟವನು ಮೊಳಕೆ ಬಂತೆಂದು ತಾನೇ ಹೊರಗೆ ತರುತ್ತಾನೆ. ಹಾಲು ಹುಳಿಯುತ್ತದೆ, ಅಕ್ಕಿಗೆ ಹುಳ ಬೀಳುತ್ತದೆ. ಹಿತ್ತಾಳೆಯ ತೋಟೆ ಒಣ ಜಾಗದಲ್ಲಿದ್ದರೆ ದಶಕಗಟ್ಟಲೆ ಕೆಡುವುದಿಲ್ಲ, ಮೊಮ್ಮಗನ ಕಾಲಕ್ಕೂ ಹಾರುತ್ತದೆ. ಹೀಗಾಗಿ ಇದನ್ನು ಕೂಡಿಡುವ ಆಸೆಗೆ ಸಾಕು ಎಂಬ ಗೆರೆಯೇ ಇಲ್ಲ. ಸರಕು ತಾನಾಗಿ ಗೆರೆ ಎಳೆಯದಿದ್ದರೆ ಮನುಷ್ಯ ಎಳೆಯಬೇಕಿತ್ತು. ಎಳೆಯಲಿಲ್ಲ.

2020ರ ಓಟಕ್ಕೆ ಕಾರಣಗಳು ಒಂದರ ಮೇಲೊಂದು ಬಂದವು. ಮಾರ್ಚಿನಲ್ಲಿ ಕೊರೋನಾ, ಮೇ ಕೊನೆಯಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರದ ಬೀದಿ ಗಲಭೆ, ನವೆಂಬರಿನಲ್ಲಿ ಚುನಾವಣೆ. ಬಂದೂಕು ಖರೀದಿಗೆ ಸಂಬಂಧಿಸಿದ ಎಫ್‌ಬಿಐ ಹಿನ್ನೆಲೆ ಪರಿಶೀಲನೆಗಳು 2019ರಲ್ಲಿ 2.84 ಕೋಟಿ ಇದ್ದದ್ದು 2020ರಲ್ಲಿ 3.97 ಕೋಟಿಗೆ ಏರಿದವು. ಉದ್ಯಮದ ಸಂಘಟನೆಯದೇ ಅಂದಾಜಿನಂತೆ ಆ ವರ್ಷ ಜೀವನದಲ್ಲಿ ಮೊದಲ ಬಾರಿಗೆ ಬಂದೂಕು ಕೊಂಡವರು 84 ಲಕ್ಷ. ಒಬ್ಬೊಬ್ಬರು ಎರಡೇ ಪೆಟ್ಟಿಗೆ ಒಯ್ದರೂ 84 ಕೋಟಿ ತೋಟೆ. ಈ ಹೊಸಬರ ಮೇಲೆ ನಮಗೆ ಸಿಟ್ಟಿಲ್ಲ. ಹೆದರಿದ್ದರು, ಎರಡು ಪೆಟ್ಟಿಗೆ ಕೇಳಿದರು. ಅವರಿಗೆ ಆ ಎರಡು ಪೆಟ್ಟಿಗೆ ಸಿಗದಂತೆ ಮಾಡಿದವರು ಹಳಬರು. ಪರಿಣಾಮ ನೋಡಿ: ಲಕ್ಷಾಂತರ ಮನೆಗಳಲ್ಲಿ ಬಂದೂಕು ಬಂತು, ಗುರಿ ಕಲಿಯಲು ತೋಟೆ ಇಲ್ಲ. ಬಂದೂಕಿನ ಹಕ್ಕಿನ ಬಗ್ಗೆ ಹಗಲಿರುಳು ಭಾಷಣ ಮಾಡುವವರೇ ಪಳಗದ ಕೈಗಳನ್ನು ಪಳಗದಂತೆಯೇ ಇರಿಸಿದರು.

ಕಾರ್ಖಾನೆ ಯಾಕೆ ಹೆಚ್ಚು ಮಾಡಲಿಲ್ಲ ಎಂದು ಕೇಳುವುದು ಸುಲಭ. ತೋಟೆಯೆಂದರೆ ಹಿತ್ತಾಳೆಯ ಕೋಶ, ಮದ್ದು, ಸೀಸದ ಗುಂಡು, ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು. ನಮ್ಮ ಮಲೆನಾಡಿನ ಕೋವಿಯವರು ಕೇಪು ಎನ್ನುವುದರ ತಮ್ಮನೇ ಇದು. ಗುಂಡು, ಕೋಶಗಳನ್ನು ಸಣ್ಣಪುಟ್ಟವರೂ ಮಾಡಬಲ್ಲರು. ಕೇಪು ಮಾಡುವುದು ಕೈ ಹೋಗುವ ಕೆಲಸ. ಮುಟ್ಟಿದರೆ ಸಿಡಿಯುವ ಸೀಸದ ಸಂಯುಕ್ತವನ್ನು ಒದ್ದೆಯಾಗಿಟ್ಟುಕೊಂಡು ತುಂಬಬೇಕು. ಅಮೆರಿಕದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದವು ಫೆಡರಲ್, ಸಿಸಿಐ, ವಿಂಚೆಸ್ಟರ್, ರೆಮಿಂಗ್ಟನ್ ಎಂಬ ನಾಲ್ಕೇ ಹೆಸರು. ಅದರಲ್ಲಿ ರೆಮಿಂಗ್ಟನ್ 2020ರ ಜುಲೈಯಲ್ಲಿ, ತೋಟೆಗೆ ಚಿನ್ನದ ಬೆಲೆ ಬಂದ ಕಾಲದಲ್ಲೇ, ಎರಡು ವರ್ಷಗಳಲ್ಲಿ ಎರಡನೆಯ ಸಲ ದಿವಾಳಿ ಅರ್ಜಿ ಹಾಕಿತು. ಅದರ ತೋಟೆ ಕಾರ್ಖಾನೆಯನ್ನು ವಿಸ್ಟಾ ಔಟ್‌ಡೋರ್ 8 ಕೋಟಿ ಡಾಲರ್ ಚಿಲ್ಲರೆಗೆ ಕೊಂಡಿತು. ಫೆಡರಲ್, ಸಿಸಿಐ ಮೊದಲೇ ಅದರ ಕೈಯಲ್ಲಿದ್ದವು. ನಾಲ್ಕರಲ್ಲಿ ಮೂರು ಒಂದೇ ಮನೆಗೆ ಸೇರಿದಂತಾಯಿತು.

ರೆಮಿಂಗ್ಟನ್ ಮೊದಲ ಸಲ ದಿವಾಳಿಯಾದದ್ದು 2018ರಲ್ಲಿ. ಟ್ರಂಪ್ ಗೆದ್ದ ಮೇಲೆ ಇನ್ನು ಹೆದರಿಕೆಯಿಲ್ಲ ಎಂದು ಗಿರಾಕಿ ಮನೆಗೆ ಹೋದ. ತಮ್ಮ ಗೆಳೆಯನೇ ಅಧ್ಯಕ್ಷನಾದಾಗ ವ್ಯಾಪಾರ ಕುಸಿಯುವುದು, ತಾವು ಬೈಯುವವನು ಗೆದ್ದಾಗ ಗಲ್ಲಾಪೆಟ್ಟಿಗೆ ತುಂಬುವುದು, ಇಂಥ ವಿಚಿತ್ರ ವ್ಯಾಪಾರ ಇನ್ನೊಂದಿಲ್ಲ. ಜ್ವರ ಇಳಿದ ಮೇಲೆ ಮೂರು ವರ್ಷ ಗಿರಾಕಿ ಇತ್ತ ತಲೆ ಹಾಕುವುದಿಲ್ಲ ಎಂದು ಗೊತ್ತಿರುವಾಗ ಯಾವ ಮಾಲೀಕ ಹೊಸ ಯಂತ್ರಕ್ಕೆ ದುಡ್ಡು ಸುರಿಯುತ್ತಾನೆ? ಇರುವ ಯಂತ್ರವನ್ನೇ ಮೂರು ಪಾಳಿ ಓಡಿಸುತ್ತಾನೆ. ಹಾಗೆಯೇ ಮಾಡಿದರು. ಬಾಕಿ ಆರ್ಡರೇ 100 ಕೋಟಿ ಡಾಲರು ದಾಟಿದೆ, ಗುಪ್ತ ಗೋದಾಮು ಯಾವುದೂ ಇಲ್ಲ ಎಂದು ವಿಸ್ಟಾ ಕಂಪನಿಯ ಹಿರಿಯ ಅಧಿಕಾರಿಯೇ ಕ್ಯಾಮೆರಾದ ಮುಂದೆ ನಿಂತು ಅಂಗಲಾಚಬೇಕಾಯಿತು. ಅವರ ಮಾತನ್ನು ನಾವು ನಂಬುತ್ತೇವೆ. ನಾಲ್ಕು ಪಟ್ಟು ಬೆಲೆ ಬಂದಾಗ ಸರಕು ಮುಚ್ಚಿಡುವ ವ್ಯಾಪಾರಿ ಮೂರ್ಖ, ಅವರು ಮೂರ್ಖರಲ್ಲ.

ಹಾಗೆಂದು ಕಂಪನಿಗಳಿಗೆ ಬಿಡುಗಡೆಯಿಲ್ಲ. 2020ರ ಮಾರ್ಚಿಗೆ ಮುಗಿದ ವರ್ಷ 15.5 ಕೋಟಿ ಡಾಲರ್ ನಷ್ಟದಲ್ಲಿದ್ದ ವಿಸ್ಟಾ ಮರುವರ್ಷ 26.6 ಕೋಟಿ ಲಾಭ ತೋರಿಸಿತು. ಲಾಭ ಕಾನೂನುಬದ್ಧವೇ. ಆದರೆ ಈ ಉದ್ಯಮ ದಶಕಗಳಿಂದ ಮಾರುತ್ತಿರುವುದು ತೋಟೆಗಿಂತ ಹೆಚ್ಚಾಗಿ ಹೆದರಿಕೆಯನ್ನು. ನಾಳೆ ಸಿಗುವುದಿಲ್ಲ, ಇಂದೇ ಕೊಳ್ಳಿ ಎಂದು ಚುನಾವಣೆಯಿಂದ ಚುನಾವಣೆಗೆ ಕೂಗುವ ಸಂಘಟನೆಗಳ ಬೆನ್ನಿಗೆ ನಿಂತವರು ಕೊನೆಗೆ ಕ್ಯಾಮೆರಾದ ಮುಂದೆ, ಗಾಬರಿಯಾಗಬೇಡಿ ಎಂದರೆ ಕೇಳುವವರು ಯಾರು?

ಸರ್ಕಾರವೂ ಈ ಕಟಕಟೆಯಲ್ಲಿ ನಿಲ್ಲಬೇಕು. 2020ರ ಮಾರ್ಚ್ 28ರಂದು ಅಮೆರಿಕದ ಒಕ್ಕೂಟ ಸರ್ಕಾರ ಬಂದೂಕು, ತೋಟೆ ಅಂಗಡಿಗಳನ್ನು ಅಗತ್ಯ ಸೇವೆಗಳ ಸಲಹಾ ಪಟ್ಟಿಗೆ ಸೇರಿಸಿತು. ಅದೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರ ಮುಖಗವಸು, ಸ್ಯಾನಿಟೈಸರುಗಳನ್ನು ಅಗತ್ಯ ವಸ್ತುಗಳ ಕಾಯ್ದೆಯಡಿ ತಂದು, ಮೂರು ಪದರದ ಗವಸಿಗೆ 10 ರೂಪಾಯಿ, 200 ಮಿಲಿ ಸ್ಯಾನಿಟೈಸರಿಗೆ 100 ರೂಪಾಯಿ ಎಂದು ಕಟ್ಟು ಹಾಕಿತು. ಆ ಕಟ್ಟು ಎಷ್ಟು ಕಡೆ ಪಾಲನೆಯಾಯಿತು ಎಂಬುದು ಬೇರೆ ಮಾತು, ನಮ್ಮ ಔಷಧ ಅಂಗಡಿಗಳ ಕಥೆ ನಮಗೆ ಗೊತ್ತಿದೆ. ಅಗತ್ಯ ಎಂದು ಕರೆದ ಮೇಲೆ ಅಗತ್ಯದವನಿಗೆ ಮುಟ್ಟಿಸುವ ಹೊಣೆಯೂ ಬರುತ್ತದೆ ಎಂಬ ತತ್ವವನ್ನಾದರೂ ಇಲ್ಲಿ ಒಪ್ಪಿಕೊಂಡಿದ್ದರು. ಅಲ್ಲಿ ಬಾಗಿಲು ತೆರೆಯಿರಿ ಎಂದದ್ದಷ್ಟೇ, ಯಾರಿಗೆ ಎಷ್ಟು ಎಂಬ ಮಾತೇ ಬರಲಿಲ್ಲ. ಬೆಲೆಗೆ ಕಟ್ಟು ಹಾಕಬೇಕಿತ್ತು ಎಂದು ನಾವು ಹೇಳುತ್ತಿಲ್ಲ. 20 ಸೆಂಟಿಗೇ ಹಿಡಿದಿಟ್ಟಿದ್ದರೆ ಮೊದಲು ಬಂದವನು ಲಾರಿಯನ್ನೇ ಮನೆಗೆ ಹೊಡೆಸಿಕೊಳ್ಳುತ್ತಿದ್ದ. ಬೇಕಿದ್ದದ್ದು ಪ್ರಮಾಣದ ಮಿತಿ. ಅದನ್ನು ಹಾಕಿದವರು ಹಲವು ಸಣ್ಣ ಅಂಗಡಿಯವರು, ಸ್ವಂತ ಬುದ್ಧಿಯಿಂದ, ಗಿರಾಕಿಗಳಿಂದ ಬೈಗುಳ ತಿಂದು.

ನಷ್ಟ ಯಾರಿಗೆ? ಹಲವು ಊರುಗಳ ಪೊಲೀಸರು ಗುರಿ ಅಭ್ಯಾಸಕ್ಕೆ ಕತ್ತರಿ ಹಾಕಿದರು. ಕಾರ್ಖಾನೆಗಳು ಹೆಚ್ಚು ಬಿಕರಿಯಾಗುವ ತೋಟೆಗೆ ಯಂತ್ರ ಮೀಸಲಿಟ್ಟಾಗ, ಅಜ್ಜನ ಕಾಲದ ರೈಫಲ್ ಹಿಡಿದು ವರ್ಷಕ್ಕೊಂದು ಜಿಂಕೆ ಹೊಡೆದು ಚಳಿಗಾಲದ ಮಾಂಸ ಕೂಡಿಡುವ ಹಳ್ಳಿಯವನಿಗೆ ಬೇಕಾದ ಅಳತೆಯ ತೋಟೆ ಕಣ್ಣಿಗೆ ಬೀಳದಾಯಿತು. ಅವನಿಗೆ ಬೇಕಿದ್ದದ್ದು ಒಂದೇ ಪೆಟ್ಟಿಗೆ, 20 ತೋಟೆ. ಕೊಡಗಿನವರಿಗೆ ಅವನ ಸಂಕಟ ಅರ್ಥವಾದೀತು. ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ 10 ವರ್ಷಕ್ಕೆ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ, ಪುತ್ತರಿಯ ಕದಿರು ತೆಗೆಯುವಾಗ ಈಡು ಹಾರಿಸುವ ಆ ಮನೆಗಳಲ್ಲಿ ಕೋವಿಗೆ ಮರ್ಯಾದೆಯಿದೆ, ತೋಟೆಯ ಗುಡ್ಡವಿಲ್ಲ.

ಅಮೆರಿಕದಲ್ಲಿರುವ ನಮ್ಮವರ ಪಾಡೂ ಒಂದು ಮಾತು. ಎಚ್-1ಬಿ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ನೆರೆಮನೆಯವನು ಗಾಡಿಯಿಂದ ಪೆಟ್ಟಿಗೆ ಮೇಲೆ ಪೆಟ್ಟಿಗೆ ಇಳಿಸುವುದನ್ನು ಕಿಟಕಿಯಿಂದ ನೋಡುವುದಷ್ಟೇ ಅಂಥ ಮನೆಗಳ ಭಾಗ್ಯ.

ಕೊರತೆಯ ಈ ಇಡೀ ಗದ್ದಲದಲ್ಲಿ ಯಾರೂ ಎತ್ತದ ಒಂದು ಲೆಕ್ಕವಿದೆ. 2020ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 45,222. ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಾರೆ ಸತ್ತವರು. ಮರುವರ್ಷ ಒಟ್ಟು ಸಂಖ್ಯೆ 48,830ಕ್ಕೆ ಏರಿತು. ತೋಟೆಯ ಬೆಲೆ ನಾಲ್ಕು ಪಟ್ಟಾದದ್ದು ಹೀಗೆ ಕೈಯಾರೆ ಸತ್ತವರಲ್ಲಿ ಯಾರನ್ನೂ ತಡೆಯಲಿಲ್ಲ. ಬೆಲೆ ಏರಿದ್ದು ಅಂಗಡಿಯಲ್ಲಿ, ಇವರಿಗೆ ಬೇಕಾದದ್ದು ಮನೆಯ ಮೇಜಿನ ಖಾನೆಯಲ್ಲೇ ಇತ್ತು.

ಈಗ 9 ಎಂಎಂ ಬೆಲೆ ಇಳಿದಿದೆ, ಕಪಾಟು ತುಂಬಿದೆ. ಇದೇ ಸಮಯ. ಮಾರುವವರ ಸಂಘಟನೆಗಳಿಗೆ ಹಕ್ಕಿನ ಮೇಲೆ ಅಷ್ಟೊಂದು ಪ್ರೀತಿಯಿದ್ದರೆ, ಯಾವ ಸರ್ಕಾರವೂ ಹೇಳುವ ಮೊದಲೇ ತಮ್ಮ ಸದಸ್ಯರ ಅಂಗಡಿಗಳಿಗೆ ಒಂದು ನಿಯಮ ಮಾಡಲಿ: ಬೇಡಿಕೆ ಮಾಮೂಲನ್ನು ಮೀರಿದ ವಾರದಿಂದ ಒಬ್ಬರಿಗೆ ಎರಡೇ ಪೆಟ್ಟಿಗೆ, ಮೊದಲ ಬಾರಿಗೆ ಕೊಂಡವನಿಗೆ ಸಾಲಿನಲ್ಲಿ ಮೊದಲ ಜಾಗ. ನಮ್ಮಲ್ಲಿ ಲೈಸೆನ್ಸಿನಲ್ಲೇ ವರ್ಷಕ್ಕೆ ಎಷ್ಟು ತೋಟೆ ಎಂದು ಬರೆದಿರುತ್ತದೆ. ಅವರಿಗೆ ಸರ್ಕಾರದ ಪುಸ್ತಕ ಬೇಡವಾದರೆ ಬೇಡ, ಅಂಗಡಿಯವನ ರಸೀದಿ ಪುಸ್ತಕ ಸಾಕು. ಮುಂದಿನ ಚುನಾವಣೆಯ ರಾತ್ರಿ ಫಲಿತಾಂಶ ಹೊರಬೀಳುವ ಮುನ್ನ ಆ ಚೀಟಿ ಗೋಡೆಯ ಮೇಲಿರಬೇಕು.